ಹಪ್ಪಳದಕ್ಕನ ಲೆಕ್ಕಪುಸ್ತಕ

ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಅಡ್ಕಸ್ಥಳದ ಗಡಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ನಮ್ಮ ಊರಿನ ಭಾಷೆಯ ವಿಚಾರವನ್ನು ಯಾರೂ ವಿವರಿಸಬೇಕಾಗಿಲ್ಲ. ಕಂಡಕ್ಟರ್ ಮಲಯಾಳದಲ್ಲಿ ಟಿಕೇಟು ಕೇಳುತ್ತಾನೆ, ಮುಂದಿನ ಸೀಟಿನವರು ತುಳುವಿನಲ್ಲಿ ಅಡಿಕೆಯ ಧಾರಣೆ ಮಾತಾಡುತ್ತಾರೆ, ಹಿಂದಿನಿಂದ ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮರಾಟಿ ಕೇಳಿಬರುತ್ತದೆ. ಸಪ್ತಭಾಷೆಗಳ ನಾಡು ಎಂದು ಭಾಷಣಗಳಲ್ಲಿ ಹೇಳಿಸಿಕೊಳ್ಳುವ ಈ ಊರಿನಲ್ಲಿ ಎಲ್ಲ ಭಾಷೆಯವರ ಬಾಯಲ್ಲಿಯೂ ಒಂದೇ ಹೆಸರಿನಿಂದ ಓಡಾಡಿದ ಹೆಂಗಸೊಬ್ಬರಿದ್ದರು. ಕನ್ನಡದವರಿಗೂ ಮಲಯಾಳದವರಿಗೂ ಅವರು ಹಪ್ಪಳದಕ್ಕ. ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿಯೂ ನಮ್ಮ ಬ್ಯಾಂಕಿನ ಲೆಡ್ಜರಿನಲ್ಲಿಯೂ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ತನ್ನ ಹೆಸರು, ತನ್ನ ಮಗಳ ಫೋಟೋ ಪತ್ರಿಕೆಯಲ್ಲಿ ಬರುವುದು ಅವರಿಗೆ ಕೊನೆಯವರೆಗೂ ಇಷ್ಟವಿರಲಿಲ್ಲ.

ನಾನು ಬ್ಯಾಂಕಿನ ಗುಮಾಸ್ತ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಬಿ.ಎ. ಓದುವಾಗ ಒಂದೆರಡು ಕವಿತೆ ಬರೆದದ್ದು ಬಿಟ್ಟರೆ ಸಾಹಿತ್ಯದ ಜೊತೆಗಿನ ನನ್ನ ವ್ಯವಹಾರ ಎಂದೋ ಮುಗಿದ ಖಾತೆ. ವಾರ್ಷಿಕಾಂಕದ ಮಿತ್ರರು “ನಿಮ್ಮ ಊರಿನ ಬಗ್ಗೆ ಏನಾದರೂ ಬರೆಯಿರಿ” ಎಂದಾಗ ಕೆರೆ, ದೇವಸ್ಥಾನ, ಓದಿದ ಶಾಲೆ ಎಲ್ಲ ನೆನಪಾದವು. ಆದರೆ ಇಪ್ಪತ್ತು ವರ್ಷ ಬೇರೆಯವರ ಹಣ ಎಣಿಸಿದವನಿಗೆ, ಹಣವನ್ನು ಯಾತಕ್ಕಾಗಿ ಕೂಡಿಡಬೇಕು ಎಂದು ತೋರಿಸಿಕೊಟ್ಟವರ ಬಗ್ಗೆ ಬರೆಯುವುದೇ ನ್ಯಾಯ ಎನಿಸಿತು.

ಅವರನ್ನು ನಾನು ಮೊದಲು ಕಂಡದ್ದು ಚಿಕ್ಕ ಹುಡುಗನಾಗಿ. ಆಟಿ ತಿಂಗಳು, ಮಲಯಾಳದವರು ಕರ್ಕಟಕ ಎನ್ನುವ ಕಷ್ಟದ ತಿಂಗಳು ಬಂದು, ಜಡಿಮಳೆ ಹಿಡಿದು, ಪೇಟೆಯಲ್ಲಿ ತರಕಾರಿ ಕಾಣದಾದಾಗ ಅಮ್ಮ ಕೊಡೆ ಕೊಟ್ಟು ಓಡಿಸುತ್ತಿದ್ದಳು: “ಹಪ್ಪಳದಕ್ಕನಲ್ಲಿಂದ ಒಂದು ಕಟ್ಟು ತಾ.” ಕಟ್ಟಿಗೆ ಇಪ್ಪತ್ತೈದು ಹಪ್ಪಳ, ಬಾಳೆಯ ನಾರಿನಿಂದ ಬಿಗಿದದ್ದು. ಮನೆಗೆ ತಂದು ಎಣಿಸಿದರೆ ಯಾವಾಗಲೂ ಇಪ್ಪತ್ತಾರು. ಒಮ್ಮೆ ನಾನು ಶಾಲೆಯಲ್ಲಿ ಕಲಿತ ಪ್ರಾಮಾಣಿಕತೆಯನ್ನು ತೋರಿಸಲು ಒಂದನ್ನು ಹಿಂದೆ ಕೊಡಲು ಹೋದೆ. ಅಕ್ಕ ನಕ್ಕರು. “ದಾರಿಯಲ್ಲಿ ಒಂದು ಮುರಿದೀತು ಮಗಾ. ಆಗಲೂ ನನ್ನ ಲೆಕ್ಕ ಸರಿ ಇರಬೇಕಲ್ಲ” ಎಂದರು.

ಹಲಸಿನ ಹಪ್ಪಳ ಮಾಡುವುದು ನಮ್ಮ ಮನೆಗಳಲ್ಲಿ ಹೊಸ ವಿದ್ಯೆಯೇನೂ ಅಲ್ಲ. ಬೆಳೆದ, ಆದರೆ ಹಣ್ಣಾಗದ ಹಲಸಿನಕಾಯಿಯನ್ನು ಕೊಯ್ದು, ಮೇಣ ಅಂಟದ ಹಾಗೆ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲು ಉಪ್ಪು, ಮೆಣಸು, ಜೀರಿಗೆ ಸೇರಿಸಿ ಗುದ್ದಿ, ಉಂಡೆ ಮಾಡಿ, ಒತ್ತಿ, ಚಾಪೆಯ ಮೇಲೆ ಒಣಗಿಸಬೇಕು. ಕಷ್ಟವಿರುವುದು ಸಮಯದಲ್ಲಿ. ಕಾಯಿ ಬಲಿತು ಬರುವುದಕ್ಕೂ ಮಳೆ ಬೀಳುವುದಕ್ಕೂ ನಡುವೆ ಸಿಗುವ ಬಿಸಿಲು ಎರಡು ತಿಂಗಳಿನದ್ದು. ಅಷ್ಟರಲ್ಲಿ ವರ್ಷದ ದುಡಿಮೆ ಮುಗಿಯಬೇಕು. ಮೇ ತಿಂಗಳ ಮಧ್ಯಾಹ್ನ ಒಂದು ಮೋಡ ಕಂಡರೆ ಅವರ ಅಂಗಳದಲ್ಲಿ ಐದಾರು ಹೆಂಗಸರು ಚಾಪೆ ಸುತ್ತಿಕೊಂಡು ಓಡುವುದು ರಸ್ತೆಯಿಂದಲೇ ಕಾಣುತ್ತಿತ್ತು.

ಅಕ್ಕ ಈ ಕೆಲಸವನ್ನು ವ್ಯಾಪಾರ ಮಾಡಿಕೊಂಡದ್ದು ಬೇರೆ ದಾರಿ ಇಲ್ಲದೆ. ಅವರಿಗೆ ಇಬ್ಬರು ಮಕ್ಕಳು. ಮಗ ದೊಡ್ಡವನು. ಅವನ ನಂತರ ಹುಟ್ಟಿದ ಮಗಳು ಕುತ್ತಿಗೆ ನಿಲ್ಲಿಸಲಿಲ್ಲ, ಕುಳಿತುಕೊಳ್ಳಲಿಲ್ಲ, ಮಾತಾಡಲಿಲ್ಲ. ಆಗಾಗ ಫಿಟ್ಸ್ ಬರುತ್ತಿತ್ತು. ಆ ಮಗುವಿಗೆ ಎರಡು ತುಂಬುವ ಮೊದಲೇ ಗಂಡ ತೀರಿಕೊಂಡರು. ಬೀಡಿ ಕಟ್ಟಿದರೆ ಮನೆಯಲ್ಲೇ ಕುಳಿತು ದುಡಿಯಬಹುದು ಎಂದು ಕೆಲವರು ಹೇಳಿದರಂತೆ. ಆದರೆ ತಂಬಾಕಿನ ಗಾಳಿಗೆ ಮಗು ಕೆಮ್ಮುತ್ತಿತ್ತು. ತೋಟದ ಕೂಲಿಗೆ ಹೋದರೆ ಮಗುವನ್ನು ನೋಡುವವರಿಲ್ಲ. ಅಂಗಳ ಬಿಟ್ಟು ಹೋಗದೆ ಮಾಡಬಹುದಾದ ಕೆಲಸ ಎಂದು ಹಪ್ಪಳಕ್ಕೆ ಕೈಯಿಟ್ಟರು. ಹಲಸಿನಕಾಯಿ ಆಗ ಯಾರಿಗೂ ಬೇಡದ ವಸ್ತು. ಮರದ ಬುಡದಲ್ಲಿ ಬಿದ್ದು ಕೊಳೆಯುತ್ತಿತ್ತು. “ಕೊಯ್ದುಕೊಂಡು ಹೋದರೆ ನಮಗೇ ಉಪಕಾರ” ಎನ್ನುತ್ತಿದ್ದರು ತೋಟದವರು. ಅವರು ಮಾತ್ರ ಯಾರಿಂದಲೂ ಧರ್ಮಕ್ಕೆ ತರಲಿಲ್ಲ. ಹತ್ತು ಕಾಯಿ ತಂದವರ ಮನೆಗೆ ಮಳೆಗಾಲದಲ್ಲಿ ಒಂದು ಕಟ್ಟು ಹಪ್ಪಳ ತಪ್ಪದೆ ತಲಪುತ್ತಿತ್ತು.

ಮಗಳನ್ನು ಅವರು ಕರೆಯುತ್ತಿದ್ದದ್ದು ಬಾಲೆ ಎಂದು. ತುಳುವಿನಲ್ಲಿ ಬಾಲೆ ಎಂದರೆ ಮಗು. ವಯಸ್ಸು ಮೂವತ್ತು ದಾಟಿದ ಮೇಲೂ ಅವಳು ಬಾಲೆಯೇ.

ಎಣ್ಮಕಜೆ, ಪಡ್ರೆ, ಸ್ವರ್ಗ, ವಾಣಿನಗರ ಎಂಬ ಹೆಸರುಗಳು ಲೋಕಕ್ಕೆ ತಿಳಿದ ಬಗೆ ನಮ್ಮ ಓದುಗರಿಗೆ ಹೊಸತಲ್ಲ. ಗುಡ್ಡದ ಮೇಲಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದ ಡಿಸೆಂಬರಿನವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು, ಆ ಗುಡ್ಡಗಳ ನೀರು ಕುಡಿದ ಮನೆಗಳಲ್ಲಿ ಇಂಥ ಮಕ್ಕಳು ಒಬ್ಬರ ಹಿಂದೆ ಒಬ್ಬರು ಕಂಡುಬಂದದ್ದು, ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರರು ಇದರ ಬಗ್ಗೆ ಮೊದಲಾಗಿ ಸಂಶಯ ಎತ್ತಿದ್ದು, ಶ್ರೀಪಡ್ರೆಯವರು ಬರೆದದ್ದು, ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿನ ಮೆಟ್ಟಲು ಹತ್ತಿದ್ದು, 2011ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಆ ವಿಷವನ್ನು ನಿಲ್ಲಿಸಿದ್ದು ಎಲ್ಲ ಇತಿಹಾಸವಾಗಿದೆ. ಬಾಲೆಯ ಹೆಸರೂ ಸರಕಾರದ ಪಟ್ಟಿಯಲ್ಲಿ ಸೇರಿತು. ಅದಕ್ಕೆ ಮೊದಲು ಇಪ್ಪತ್ತು ವರ್ಷ ಅಕ್ಕ ಕೇಳಿದ್ದು ಬೇರೆಯೇ ಮಾತು: ನಾಗದೋಷ, ಹಿರಿಯರ ಶಾಪ, ತಾಯಿಯ ಪಾಪ. ವಿಷದ ಹೆಸರು ಪೇಪರಿನಲ್ಲಿ ಬಂದ ದಿನ ಅವರು ಅತ್ತರೆಂದು ನನ್ನ ಅಮ್ಮ ಹೇಳುತ್ತಿದ್ದಳು. ಸಿಟ್ಟಿನಿಂದಲೋ ಸಮಾಧಾನದಿಂದಲೋ ಅಮ್ಮನಿಗೂ ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆ ಹಬೆಯ ಪಾತ್ರೆ ಎಂದಿನಂತೆ ಒಲೆಯ ಮೇಲಿತ್ತಂತೆ.

ನಾನು ನಮ್ಮ ಪೇಟೆಯ ಶಾಖೆಗೆ ವರ್ಗವಾಗಿ ಬಂದಾಗ ಅವರ ವ್ಯಾಪಾರ ಬೆಳೆದಿತ್ತು. ಹಪ್ಪಳದ ಜೊತೆಗೆ ಉಪ್ಪುಸೊಳೆ, ಮಾವಿನ ಮಿಡಿ ಉಪ್ಪಿನಕಾಯಿ, ಬಾಳೆಕಾಯಿ ಸಂಡಿಗೆ. ಕೊಲ್ಲಿಗೆ ಹೋಗುವ ಹುಡುಗರ ಪೆಟ್ಟಿಗೆಯಲ್ಲಿ ಅವರ ಒಂದು ಕಟ್ಟು ಇಲ್ಲದಿದ್ದರೆ ತಾಯಂದಿರಿಗೆ ಸಮಾಧಾನವಿಲ್ಲ. ಪುತ್ತೂರಿನ ಅಂಗಡಿಗಳಿಗೂ ಕಾಸರಗೋಡಿನ ಅಂಗಡಿಗಳಿಗೂ ಬಸ್ಸಿನಲ್ಲಿಯೇ ಮಾಲು ಹೋಗುತ್ತಿತ್ತು. ಮಾತು ತುಳುವಿನಲ್ಲಿ, ಚೌಕಾಶಿ ಮಲಯಾಳದಲ್ಲಿ, ಲೆಕ್ಕ ಕನ್ನಡದಲ್ಲಿ. ಐದನೆಯ ತರಗತಿಯ ತನಕ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರ ದುಂಡಗೆ, ಒತ್ತಕ್ಷರ ತಪ್ಪದೆ ಇತ್ತು.

ಬ್ಯಾಂಕಿನಲ್ಲಿ ನಮ್ಮ ಮೊದಲ ಸಂಭಾಷಣೆ ನೆನಪಿದೆ. ಫಾರಂನಲ್ಲಿ ‘ವೃತ್ತಿ’ ಎಂಬಲ್ಲಿ ನನ್ನ ಪಕ್ಕದ ಕೌಂಟರಿನವರು ಅಭ್ಯಾಸಬಲದಿಂದ ‘ಗೃಹಿಣಿ’ ಎಂದು ತುಂಬಿಸಿದ್ದರು. ಅಕ್ಕ ನನ್ನಿಂದ ಅದನ್ನು ಓದಿಸಿ ಕೇಳಿ, “ತಮ್ಮಾ, ಅದನ್ನು ಹೊಡೆದು ವ್ಯಾಪಾರ ಅಂತ ಬರೆ” ಎಂದರು. “ಗೃಹಿಣಿ ಅಂದರೆ ತಪ್ಪೇನಕ್ಕಾ?” ಎಂದು ನಾನು ತಮಾಷೆಗೆ ಕೇಳಿದೆ. “ತಪ್ಪಿಲ್ಲ. ಆದರೆ ನಾಳೆ ಸಾಲ ಕೇಳಲಿಕ್ಕೆ ಬಂದಾಗ ಗೃಹಿಣಿಗೆ ಆದಾಯ ಎಲ್ಲಿಂದ ಅಂತ ನೀವೇ ಕೇಳುತ್ತೀರಿ” ಎಂದರು. ಆ ದಿನ ನಮ್ಮ ಮ್ಯಾನೇಜರರೂ ನಕ್ಕರು.

ಸಾಲವನ್ನು ಅವರು ನಿಜಕ್ಕೂ ಕೇಳುತ್ತಿದ್ದರು. ಪ್ರತಿ ವರ್ಷ ಫೆಬ್ರವರಿಯಲ್ಲಿ ಎರಡು ಚಿನ್ನದ ಬಳೆ ಅಡವಿಗೆ ಬರುತ್ತಿದ್ದವು. ಮೆಣಸು, ಎಣ್ಣೆ, ಸೌದೆ, ಹೆಂಗಸರ ಮಜೂರಿ, ಕಾಯಿ ಕೊಯ್ಯುವವರ ಕೂಲಿ ಎಲ್ಲ ಅದರಿಂದ. ಓಣಂ ವ್ಯಾಪಾರ ಮುಗಿದ ವಾರದಲ್ಲಿ ಬಳೆಗಳು ಬಿಡಿಸಿಕೊಂಡು ಹೋಗುತ್ತಿದ್ದವು. ತೂಕ ಹಾಕುವ ಆಚಾರಿಗೆ ಆ ಬಳೆಗಳ ತೂಕ ಬಾಯಿಪಾಠ. ಬಳೆ ಬಾಲೆಯದ್ದು. ಅವಳು ಹುಟ್ಟಿದಾಗ ಮದುವೆಗೆಂದು ತಂದೆ ಮಾಡಿಸಿಟ್ಟದ್ದು. “ಹಾಕಿಕೊಳ್ಳಲಿಕ್ಕೆ ಅವಳಿಂದ ಆಗುವುದಿಲ್ಲ, ದುಡಿಯಲಿಕ್ಕೆ ಬಳೆಗಳಿಂದ ಆಗುತ್ತದೆ” ಎಂದು ಅಕ್ಕ ಹೇಳಿದಾಗ ಅವರ ಮುಖದಲ್ಲಿ ದುಃಖವನ್ನು ಹುಡುಕಿದೆ. ಕಂಡದ್ದು ಲೆಕ್ಕ ಮಾತ್ರ.

ಬಾಲೆಯ ಹೆಸರಿನಲ್ಲಿ ಖಾತೆ ತೆರೆಯುವ ವಿಚಾರ ಬಂದಾಗ ಬ್ಯಾಂಕಿನ ಕಾಗದಪತ್ರ ಎಂದರೇನು ಎಂದು ಅವರಿಗೂ ನನಗೂ ಸರಿಯಾಗಿ ತಿಳಿಯಿತು. ಹದಿನೆಂಟು ತುಂಬಿದ ಮೇಲೆ, ಸಹಿ ಹಾಕಲಾರದ, ವ್ಯವಹಾರ ತಿಳಿಯದ ಮಗಳ ಪರವಾಗಿ ತಾಯಿಯೂ ತಾನಾಗಿ ಸಹಿ ಮಾಡುವಂತಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾನೂನಿನ ಪ್ರಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಅವಳನ್ನು ರಕ್ಷಕಿಯೆಂದು ನೇಮಿಸಬೇಕು. ಆ ಸರ್ಟಿಫಿಕೇಟು ಇದ್ದರೆ ಬ್ಯಾಂಕು ಖಾತೆ ತೆರೆಯುತ್ತದೆ. “ಹೆತ್ತದ್ದಕ್ಕೆ ಸರ್ಟಿಫಿಕೇಟು ಬೇಕೋ?” ಎಂದು ಅವರು ಕೇಳಲಿಲ್ಲ. ವಿದ್ಯಾನಗರದ ಕಲೆಕ್ಟರೇಟಿಗೆ ಮೂರು ಸಲ ಹೋದರು. ಕನ್ನಡದವರಿಗೆ ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕಿದೆ ಎಂದು ಯಾರೋ ಮಾಷ್ಟ್ರು ಹೇಳಿದ್ದರಿಂದ ಅರ್ಜಿಯನ್ನು ಕನ್ನಡದಲ್ಲಿಯೇ, ಸ್ವಂತ ಕೈಯಿಂದ ಬರೆದರು. ಜೊತೆಗೆ ಮಲಯಾಳದ ಒಂದು ಪ್ರತಿಯನ್ನೂ ಇಟ್ಟುಕೊಂಡಿದ್ದರು. “ಹಕ್ಕು ನನ್ನದು, ಓದುವ ಕಷ್ಟ ಅವರಿಗೆ ಯಾಕೆ” ಎಂದರು. ನಮ್ಮ ಗಡಿಯ ಜನ ಇಷ್ಟು ವರ್ಷ ಬದುಕಿ ಬಂದ ರೀತಿ ಆ ಒಂದು ಮಾತಿನಲ್ಲಿದೆ ಎಂದು ನನಗೆ ಆಗಾಗ ಅನಿಸಿದೆ.

ಮಲಯಾಳದ ಪ್ರತಿ ಬರೆದವಳು ನೆರೆಮನೆಯ ಉಮ್ಮನ ಮಗಳು. ಈ ಉಮ್ಮನ ಬಗ್ಗೆ ಹೇಳದೆ ಹಪ್ಪಳದಕ್ಕನ ಕಥೆ ಪೂರ್ತಿಯಾಗುವುದಿಲ್ಲ. ವ್ಯಾಪಾರ ಆರಂಭವಾದ ಮೊದಲ ಬೇಸಗೆಯಿಂದಲೇ ಉಂಡೆ ಒತ್ತಲು ಬಂದವರು ಅವರು. ಅವರಿಗೆ ಕನ್ನಡ ಓದಲು ಬಾರದು, ಅಕ್ಕನಿಗೆ ಮಲಯಾಳ ಬರೆಯಲು ಬಾರದು. ರಂಜಾನಿನ ತಿಂಗಳಿನಲ್ಲಿ ಉಮ್ಮ ನೀರು ಕುಡಿಯದೆ ಬಿಸಿಲಲ್ಲಿ ನಿಲ್ಲಬಾರದೆಂದು ಅಕ್ಕ ಅವರನ್ನು ಒಳಗೆ ಬಾಲೆಯ ಪಕ್ಕದಲ್ಲಿ ಕೂರಿಸಿ ಕಟ್ಟು ಕಟ್ಟುವ ಕೆಲಸ ಕೊಡುತ್ತಿದ್ದರು. ಹಾಗೆ ಕುಳಿತು ಕುಳಿತು ಉಮ್ಮನಿಗೆ ಬಾಲೆಯ ಭಾಷೆ ಬಂತು. ಯಾವ ಕೂಗು ಹಸಿವಿನದು, ಯಾವುದು ಮಗ್ಗುಲು ನೋವಿನದು, ಫಿಟ್ಸ್ ಬರುವ ಮೊದಲು ಕಣ್ಣು ಯಾವ ಕಡೆ ಹೊರಳುತ್ತದೆ ಎಂಬುದು ಮನೆಯವರಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು.

2015ರಲ್ಲಿ ಮುದ್ರಾ ಸಾಲ ಆರಂಭವಾದಾಗ ಅಡವು ಇಲ್ಲದೆ ಸಿಗುವ 50,000 ರೂಪಾಯಿಯ ಸಾಲಕ್ಕೆ ನಮ್ಮ ಶಾಖೆಯಲ್ಲಿ ಮೊದಲಾಗಿ ಬಂದವರಲ್ಲಿ ಅಕ್ಕ ಒಬ್ಬರು. ಒಣಗಿಸುವ ಸಣ್ಣ ಯಂತ್ರ ತಂದರು. ಮಳೆಗೆ ಹೆದರಿ ಓಡುವುದು ತಪ್ಪಿತು. ಹೊಟ್ಟೆಗೆ ತಿನ್ನುವ ವಸ್ತು ಮಾರುವವರಿಗೆಲ್ಲ ಆಹಾರ ಸುರಕ್ಷೆಯ ನೋಂದಣಿ ಬೇಕೆಂದಾದಾಗ ಅದನ್ನೂ ಮಾಡಿಸಿದರು. ಕಟ್ಟಿನ ಮೇಲೆ ಕನ್ನಡ, ಮಲಯಾಳ ಎರಡರಲ್ಲಿಯೂ ಚೀಟಿ ಅಂಟಿಸಿದರು. ಬಾಳೆಯ ನಾರು ಹೋಗಿ ಪ್ಲಾಸ್ಟಿಕ್ ಬಂದದ್ದಕ್ಕೆ ನನಗೆ ಬೇಸರವಾಯಿತು, ಅವರಿಗಾಗಲಿಲ್ಲ. 2018ರ ಮಾರ್ಚಿನಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಅಧಿಕೃತ ಹಣ್ಣೆಂದು ಘೋಷಿಸಿದ ಸುದ್ದಿಯನ್ನು ನಾನೇ ಓದಿ ಹೇಳಿದೆ. “ಹಾಗಾದರೆ ಇನ್ನು ಕಾಯಿಗೆ ದುಡ್ಡು ಕೇಳುತ್ತಾರೆ” ಎಂದರು. ಅವರು ಹೇಳಿದ ಹಾಗೆಯೇ ಆಯಿತು.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಗಡಿಯ ರಸ್ತೆಗಳಿಗೆ ಮಣ್ಣು ಬಿತ್ತು. ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತವು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ತಿರುವನಂತಪುರಕ್ಕೆ 500ಕ್ಕೂ ಮಿಕ್ಕಿ. ಕಾಯಿಲೆ ಬಿದ್ದರೆ ನಾವು ಯಾವ ಕಡೆ ಮುಖ ಮಾಡುತ್ತೇವೆ ಎಂದು ಹೇಳಬೇಕಾಗಿಲ್ಲ. ಬಾಲೆಯ ಫಿಟ್ಸಿನ ಮಾತ್ರೆ ಬರುತ್ತಿದ್ದದ್ದೂ ಮಂಗಳೂರಿನಿಂದ. ಡಬ್ಬಿಯಲ್ಲಿ ಹನ್ನೊಂದು ದಿನಕ್ಕೆ ಮಾತ್ರೆ ಉಳಿದಿತ್ತು. ಆ ದಿನಗಳಲ್ಲಿ ನಮ್ಮ ಬ್ಯಾಂಕು ಅರ್ಧ ಹೊತ್ತು ತೆರೆದಿರುತ್ತಿತ್ತು. ಅಕ್ಕ ಮುಖಕ್ಕೆ ಸೆರಗು ಕಟ್ಟಿಕೊಂಡು ಬಂದು, ಕನ್ನಡದ ತನ್ನ ಗಿರಾಕಿಗಳ ಫೋನ್ ನಂಬರು ಒಂದು ಹಾಳೆಯಲ್ಲಿ, ಮಲಯಾಳದವರದ್ದು ಇನ್ನೊಂದರಲ್ಲಿ ಬರೆದದ್ದನ್ನು ತೋರಿಸಿದರು. “ಇಷ್ಟು ಜನರಲ್ಲಿ ಒಬ್ಬನ ಮಗನಾದರೂ ಮದ್ದಿನ ಅಂಗಡಿಯಲ್ಲಿ ಇರಲಿಕ್ಕಿಲ್ಲವೋ?” ಇದ್ದ. ಪಯ್ಯನ್ನೂರಿನಲ್ಲಿ. ಓಣಂಗೆ ಪ್ರತಿ ವರ್ಷ ನಾಲ್ಕು ಕಟ್ಟು ಒಯ್ಯುತ್ತಿದ್ದ ಟೀಚರೊಬ್ಬರ ಅಳಿಯ. ಒಂಬತ್ತನೆಯ ದಿನ ಮಾತ್ರೆ ಮನೆಗೆ ಬಂತು. ಬಂದವರ ಕೈಯಲ್ಲಿ ದುಡ್ಡಿನ ಜೊತೆಗೆ ಹಪ್ಪಳವೂ ಹಿಂದೆ ಹೋಯಿತು.

ಆ ನಂತರ ಅವರ ಮಾತಿನಲ್ಲಿ ಒಂದು ಪ್ರಶ್ನೆ ಪದೇ ಪದೇ ಬರತೊಡಗಿತು. ಇಂಥ ಮಕ್ಕಳ ತಾಯಂದಿರೆಲ್ಲರೂ ರಾತ್ರಿ ಕೇಳಿಕೊಳ್ಳುವ ಪ್ರಶ್ನೆ: ನನ್ನ ನಂತರ ಯಾರು? ಶಾರ್ಜಾದಲ್ಲಿದ್ದ ಮಗ ಒಳ್ಳೆಯವನು. ಪ್ರತಿ ತಿಂಗಳು ಹಣ ಕಳುಹಿಸುತ್ತಿದ್ದ. ತಂಗಿಯನ್ನು ಒಳ್ಳೆಯ ಸಂಸ್ಥೆಯೊಂದಕ್ಕೆ ಸೇರಿಸಿ ಅಮ್ಮ ತನ್ನ ಜೊತೆಗೆ ಬರಬೇಕೆಂಬುದು ಅವನ ಆಸೆ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಕ್ಕನ ಹಟ ಮಾತ್ರ, ಬಾಲೆ ಹುಟ್ಟಿದ ಕೋಣೆಯಲ್ಲಿ, ಆ ಕಿಟಿಕಿಯ ಬೆಳಕಿನಲ್ಲಿಯೇ ಇರಬೇಕು ಎಂದು. ಬಂಧುಗಳು “ನಾವಿಲ್ಲವೋ?” ಎನ್ನುತ್ತಿದ್ದರು. ಅಕ್ಕ ಅವರ ಮುಂದೆ ತಲೆಯಾಡಿಸಿ, ನನ್ನ ಮುಂದೆ ನಿಜ ಹೇಳಿದರು: “ತಮ್ಮಾ, ದಯೆ ಮೂರು ತಿಂಗಳು ಇರುತ್ತದೆ. ಆಮೇಲೆ ಅದಕ್ಕೂ ಬಚ್ಚುತ್ತದೆ. ಇಬ್ಬರಿಗೂ ಲಾಭ ಇರುವ ವ್ಯಾಪಾರ ಹಾಗೆ ನಿಲ್ಲುವುದಿಲ್ಲ.”

ಅವರು ಮಾಡಿದ್ದು ಇದು. ಉಮ್ಮನ ಮಗಳನ್ನೂ ಸೇರಿಸಿ ಕೆಲಸದ ಐದು ಹೆಂಗಸರನ್ನು ಕೂರಿಸಿ ಒಂದು ಕರಾರು ಹೇಳಿದರು. ಒಲೆ, ಯಂತ್ರ, ಅಂಗಳ, ಗಿರಾಕಿಗಳ ಪಟ್ಟಿ, ಹೆಸರು ಎಲ್ಲ ಅವರದ್ದು. ಬಾಡಿಗೆ ಇಲ್ಲ. ಲಾಭ ಐವರಿಗೆ ಸಮ ಪಾಲು. ಆರನೆಯ ಪಾಲು ಬಾಲೆಯದ್ದು. ಹಗಲು ರಾತ್ರಿ ಒಬ್ಬರಲ್ಲ ಒಬ್ಬರು ಅವಳ ಕೋಣೆಯಲ್ಲಿ ಇರಬೇಕು. ಬಾಲೆ ಆ ಮನೆಯಲ್ಲಿ ಇರುವಷ್ಟು ದಿನ ವ್ಯಾಪಾರವೂ ಆ ಮನೆಯಲ್ಲಿ. ಇದನ್ನು ಮಗನಿಗೂ ಫೋನಿನಲ್ಲಿ ತಿಳಿಸಿ ಒಪ್ಪಿಗೆ ಪಡೆದರು. ಒಪ್ಪಲು ಅವನಿಗೆ ಒಂದು ವರ್ಷ ಬೇಕಾಯಿತು ಎಂದೂ ಹೇಳಬೇಕು.

2021ರ ಆಟಿಯಲ್ಲಿ ಅಕ್ಕ ತೀರಿಕೊಂಡರು. ಎದೆನೋವು, ಎರಡು ದಿನದ ಮಾತು. ಮಳೆ ಸುರಿಯುತ್ತಿತ್ತು. ಮಗ ತಲಪುವಾಗ ಹನ್ನೊಂದನೆಯ ದಿನ ಕಳೆದಿತ್ತು. ಅಟ್ಟದಿಂದ ಹಪ್ಪಳದ ಹಳೆಯ ತಗಡಿನ ಡಬ್ಬಿಯೊಂದನ್ನು ಇಳಿಸಿ ಉಮ್ಮ ಅವನ ಮುಂದೆ ಇಟ್ಟರು. ಒಳಗೆ ಬಾಲೆಯ ಅಂಗವೈಕಲ್ಯದ ಸರ್ಟಿಫಿಕೇಟು, ಜನನ ಪತ್ರ, ಪಟ್ಟಿಯಲ್ಲಿ ಹೆಸರಿರುವ ಕಾಗದ, ಪಾಸ್‌ಬುಕ್ಕು, ಪಾಸ್‌ಪೋರ್ಟ್ ಅಳತೆಯ ಫೋಟೋಗಳು, ಮಗನನ್ನು ಮುಂದಿನ ರಕ್ಷಕನಾಗಿ ನೇಮಿಸಬೇಕೆಂದು ಕೋರಿ ಬರೆದ ಅರ್ಜಿ, ತಾರೀಕು ಮಾತ್ರ ಖಾಲಿ. ಎರಡು ಬಳೆ. ಮತ್ತೊಂದು ಲೆಕ್ಕಪುಸ್ತಕ.

ಆ ಪುಸ್ತಕವನ್ನು ಮಗ ನನಗೆ ತೋರಿಸಿದ. ಮುಂದಿನಿಂದ ತೆರೆದರೆ ವ್ಯಾಪಾರದ ಜಮಾ ಖರ್ಚು. ಹಿಂದಿನಿಂದ ತೆರೆದರೆ ಬಾಲೆಯ ದಿನಚರಿ. ಎಡದ ಪುಟದಲ್ಲಿ ಅಕ್ಕನ ಕನ್ನಡ, ಬಲದ ಪುಟದಲ್ಲಿ ಉಮ್ಮನ ಮಗಳ ಮಲಯಾಳ. ಬೆಳಿಗ್ಗೆ ಎಷ್ಟು ಗಂಟೆಗೆ ಗಂಜಿ, ಎಷ್ಟು ತೆಳು, ನುಂಗುವಾಗ ತಲೆ ಯಾವ ಎತ್ತರದಲ್ಲಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲು. ಗುಡುಗಿದರೆ ಹೆದರುತ್ತಾಳೆ, ಕಿವಿಯ ಹತ್ತಿರ ಹಾಡಬೇಕು, ಹಾಡು ಯಾವುದಾದರೂ ಆದೀತು. ಹಬೆಯ ಪಾತ್ರೆಯ ವಾಸನೆ ಬಂದರೆ ನಗುತ್ತಾಳೆ. ಆದ್ದರಿಂದ ಅಡಿಗೆಮನೆಯ ಬಾಗಿಲು ಮುಚ್ಚಬಾರದು. ಇಪ್ಪತ್ತು ವರ್ಷ ಲೆಡ್ಜರು ನೋಡಿದ ನಾನು ಇಷ್ಟು ಚೊಕ್ಕವಾದ ಲೆಕ್ಕ ಬೇರೆ ಕಂಡಿಲ್ಲ.

ರಕ್ಷಕನ ಸರ್ಟಿಫಿಕೇಟು ತಡವಿಲ್ಲದೆ ಬಂತು. ಪೀಡಿತರೆಲ್ಲರಿಗೂ ಮೂರು ತಿಂಗಳಿನೊಳಗೆ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. 2022ರಲ್ಲಿ ನ್ಯಾಯಾಲಯ ಮತ್ತೆ ಗದರಿಸಿದ ಬಳಿಕ ನಮ್ಮ ಶಾಖೆಯ ಹಲವು ಖಾತೆಗಳಿಗೆ ಆ ಹಣ ಜಮೆಯಾಯಿತು. ತಾಯಿ ತಂದೆ ತೀರಿಹೋಗಿ, ರಕ್ಷಕರ ಕಾಗದವಿಲ್ಲದೆ ಹಣ ತೆಗೆಯಲಾಗದೆ ಬಂಧುಗಳು ಅಲೆದದ್ದನ್ನೂ ಕಂಡಿದ್ದೇನೆ. ಬಾಲೆಯ ಖಾತೆಯಲ್ಲಿ ಆ ತೊಡಕು ಬರಲಿಲ್ಲ. ಆ ಹಣ ಇಂದಿಗೂ ಠೇವಣಿಯಲ್ಲಿದೆ. ಖರ್ಚಿಗೆ ಆರನೆಯ ಪಾಲು ಸಾಕಾಗುತ್ತದೆ ಎಂದು ಉಮ್ಮನ ಮಗಳು ಹೇಳುತ್ತಾಳೆ.

ಓದುಗರಲ್ಲಿ ಇಂಥ ಮಕ್ಕಳಿರುವ ಮನೆಯವರು ಇದ್ದರೆ ಬ್ಯಾಂಕಿನವನಾಗಿ ನನ್ನದೊಂದು ವಿನಂತಿ. ಮಗುವಿಗೆ ಹದಿನೆಂಟು ತುಂಬಿದೊಡನೆ ರಕ್ಷಕರ ಸರ್ಟಿಫಿಕೇಟು ಮಾಡಿಸಿರಿ. ನಿಮ್ಮ ನಂತರ ಯಾರು ಎಂಬುದನ್ನು ಬರೆದಿಡಿರಿ. ಮಗುವಿನ ದಿನಚರಿಯನ್ನು ಮನೆಗೆ ಬಂದು ಹೋಗುವವರು ಓದಬಲ್ಲ ಎಲ್ಲ ಭಾಷೆಗಳಲ್ಲಿ ಬರೆದಿಡಿರಿ. ಪ್ರೀತಿ ಇದೆ ಎಂದು ಕಾಗದವನ್ನು ಮುಂದೆ ಹಾಕಬೇಡಿರಿ.

ಕಳೆದ ಫೆಬ್ರವರಿಯಲ್ಲಿ ಉಮ್ಮನ ಮಗಳು ಕೌಂಟರಿಗೆ ಬಂದಳು. ಅವಳ ಜೊತೆಗೆ ಬಾಲೆಯ ಅಣ್ಣನ ಸಹಿಯ ಕಾಗದ, ಕರವಸ್ತ್ರದಲ್ಲಿ ಸುತ್ತಿದ ಎರಡು ಬಳೆ. ಸೀಸನಿನ ಸಾಲಕ್ಕೆ. ಆಚಾರಿ ತಕ್ಕಡಿಗೆ ಇಡುವ ಮೊದಲೇ ತೂಕ ಹೇಳಿದ. ಫಾರಂನಲ್ಲಿ ವೃತ್ತಿ ಎಂಬಲ್ಲಿ ಅವಳು ನನ್ನನ್ನು ಕೇಳದೆ ತಾನೇ ಮಲಯಾಳದಲ್ಲಿ ಬರೆದಳು: ಕಚ್ಚವಡಂ. ವ್ಯಾಪಾರ.